ಎಂಬತ್ತು ಸೆಂಟಿಮೀಟರ್

ಗಂಟಿ ಹೊಡೆದು ಹತ್ತು ನಿಮಿಷ ಆಗಿತ್ತು.
ಕಾಲೇಜಿನ ಗೇಟಿನ ಹೊರಗ, ಗಿರಮಿಟ್ ಗಾಡಿ ಬಾಜೂಕ
ಸೈಕಲ್ ಮ್ಯಾಲೊಬ್ಬ, ಗಟಾರದ ಕಟ್ಟಿ ಮ್ಯಾಲೆ ನಾಕು ಮಂದಿ.
ಎಲ್ಲಾರ ಕೈಯಾಗೂ ಮಡಚಿ ಮಡಚಿ ಮೆತ್ತಗಾದ ಪ್ರಶ್ನೆಪತ್ರಿಕೆ.

ಯಾರೂ ಮೊದಲು ಬಾಯಿ ಬಿಡಲಿಲ್ಲ.
ಆಮ್ಯಾಲೆ ದಾವಲಸಾಬ ಅಂದ:
“ಒಂದು ಮಾರ್ಕಿನವು ಕೇಳಬ್ಯಾಡ್ರಿ. ಅವಕ್ಕೂ ನನಗೂ ಸಂಬಂಧ ಇಲ್ಲ.”
ನಕ್ವಿ.
ನಕ್ಕ ಕೂಡ್ಲೇ ಹೊಟ್ಟಿಯಾಗಿನ ಕಲ್ಲು ಒಂದೀಟು ಸರೀತು.

ಸುರುಳಿಯೊಳಗ ಕಾಂತಕ್ಷೇತ್ರ ಯಾವ ಕಡೆ?
ಮ್ಯಾಲೆ ಅಂದ್ರು. ಕೆಳಗ ಅಂದ್ರು.
ಮೂರು ಮಂದಿ ರಸ್ತಾದಾಗ ನಿಂತು
ಬಲಗೈ ಚಾಚಿ, ಬೆರಳು ಸುತ್ತಿ, ಹೆಬ್ಬಟ್ಟು ಎತ್ತಿ ನೋಡಿದ್ರು.
ಹುಲಕೋಟಿ ಬಸ್ಸಿನ ಡ್ರೈವರ್ ತನಗ ಕೈ ಮಾಡ್ಯಾರ ಅಂತ ತಿಳದು
ನಿಲ್ಲಿಸೇ ಬಿಟ್ಟ.
ಯಾರೂ ಹತ್ತಲಿಲ್ಲ. ಅವ ಬೈದದ್ದು ಮಾತ್ರ ಸಿಲಬಸ್ ಹೊರಗಿಂದು.

ಕಡೀಗೆ ಅದ ಬಂತು, ಎಲ್ಲಾರೂ ಮುಂದಕ್ಕ ತಳ್ಳಿದ ಪ್ರಶ್ನೆ:
ಗಾಳಿಯಾಗ ಇಪ್ಪತ್ತು ಸೆಂಟಿಮೀಟರ್ ಸಂಗಮದೂರದ ಪೀನ ಮಸೂರ,
ನೀರಾಗ ಮುಳುಗಿಸಿದ್ರ ಎಷ್ಟು?

ಮೌನೇಶ ಪತ್ತಾರ ಜಗಿಯೂದು ಬಿಡದ ಹೇಳಿದ,
“ಇಪ್ಪತ್ತಾರು ಪಾಯಿಂಟ್ ಆರು.”
ದಾವಲಸಾಬ: “ನಂದು ಹದಿನೈದು. ನೀರು ತಂಪು, ಕುಗ್ಗಬೇಕಲ್ಲ.”
ಶಾಂಭವಿ ಮೇರವಾಡೆ ಬ್ಯಾಗಿನ ಪಟ್ಟಿ ಹಿಡಕೊಂಡು,
“ನನಗ ಎಂಬತ್ತು ಬಂತು.”

“ಎಂಬತ್ತಾ!”
ಗಿರಮಿಟ್ ಕಾಕಾ ಸುದ್ದಾ ತಿರುಗಿ ನೋಡಿದ.
“ಹೆಚ್ಚೂ ಕಡಿಮಿ ಎರಡು ಮೊಳ ಆತು ನೋಡು,
ಇದು ಮಸೂರ, ಮಲ್ಲಿಗಿ ಮಾಲಿ ಅಲ್ಲ” ಅಂದ ಮೌನೇಶ.
“ಫಕ್ಕೀರೇಶ, ನಿಂದೆಷ್ಟೋ?”

“ಇಪ್ಪತ್ತಾರು ಪಾಯಿಂಟ್ ಆರು” ಅಂದೆ ನಾನು.

ಅಷ್ಟ. ಸಾಕ್ಷಿ ಎರಡಾದ್ವು, ಪಂಚಾಯ್ತಿ ಎದ್ದಿತು.
ದಾವಲಸಾಬ ತನ್ನ ಹದಿನೈದಕ್ಕ ಬೈದು ಎರಡು ಮಿರ್ಚಿ ಹೇಳಿದ.
ಶಾಂಭವಿ ಪತ್ರಿಕೆಯ ಅಂಚಿನಾಗ ಪೆನ್ಸಿಲಿಲೆ ಬರಕೊಂಡಿದ್ದ
ಎಂಟನ್ನ, ಸೊನ್ನಿಯನ್ನ
ಹೆಬ್ಬಟ್ಟಿಲೆ ತಿಕ್ಕಿ ತಿಕ್ಕಿ ಬೂದಿ ಮಾಡಿದ್ಳು.
“ಐದು ಮಾರ್ಕು ಹೋದ್ವು” ಅಂದ್ಳು. ನಮಗಲ್ಲ, ಕಾಗದಕ್ಕ.

ನಾ ಹೇಳಲಿಲ್ಲ,
ಮೌನೇಶ ನನ್ನ ಮುಂದಿನ ಬೆಂಚಿನಾವ ಅಂತ,
ಎಡಗೈಲೆ ಬರಿಯೋರ ಹಾಳಿ ಓರೆ ಇರತೈತಿ ಅಂತ,
ಕೋಣಿ ಕಾಯೋ ಸರ್ ಕಿಟಕಿ ಕಡೆ ಮಾರಿ ಮಾಡಿ ಆಕಳಿಸಿದಾಗ
ಎರಡು, ಆರು, ಚುಕ್ಕಿ, ಆರು
ಇಷ್ಟ ಕಂಡಿತ್ತು ಅಂತ.

ನಮ್ಮಪ್ಪ ಪ್ರೆಸ್ಸಿನಾಗ ಮೂವತ್ತು ವರ್ಷ ಅಚ್ಚುಮೊಳಿ ಜೋಡಿಸಿದಾವ.
ಈಗ ಲಗ್ನಪತ್ರಿಕೆ ಪ್ರೂಫು ತಿದ್ದತಾನ, ಒಂದು ದುಂಡ ಭೂತಗನ್ನಡಿ ಹಿಡಕೊಂಡು.
ರಾತ್ರಿ ಅವ ಉಣ್ಣಾಕ ಕುಂತಾಗ ಅದನ್ನ ತಗೊಂಡು ಬಚ್ಚಲಕ್ಕ ಹೋದೆ.
ಬಕೀಟಿನ ತಳಕ್ಕ ರದ್ದಾದ ಪ್ರೂಫು,
ತೇಲಬಾರದಂತ ಮ್ಯಾಲೆ ನಾಕು ಸೀಸದ ಮೊಳಿ.

ಗಾಳಿಯಾಗ ಕಡ್ಲಿಕಾಳಿನಷ್ಟು ಉಬ್ಬತಿದ್ದ
ಮದುಮಗನ ಹೆಸರಿನ ಮುಂದಿನ ‘ಚಿ’
ನೀರಾಗ ಹೆಸರಕಾಳಷ್ಟ ಉಳೀತು.
ಗಾಜು ಅದ ಗಾಜು, ನನ್ನ ಕೈ ಅದ ಕೈ.
ನೀರಿನೊಳಗ ನೀರಿನಂಥಾದ್ದು ಇಟ್ರ
ಬೆಳಕು ಬಾಗೂದಕ್ಕ ಬ್ಯಾಸರ ಮಾಡಕೋತೈತಿ,
ಎಲ್ಲೋ ದೂರ ಹೋಗಿ ಕೂಡತೈತಿ.
ಇಪ್ಪತ್ತಾರಲ್ಲ. ಭಾಳ ದೂರ.

ಅಪ್ಪ ಬಾಗಲಾಗ ನಿಂತಿದ್ದ.
“ತೊಳದಿದ್ರ ಒರಸಿಡು” ಅಂದ.

ಶುಕ್ರವಾರ ಕೆಮಿಸ್ಟ್ರಿ.
ಗೇಟಿನ ಹೊರಗ ಶಾಂಭವಿ ನಿಲ್ಲಲಿಲ್ಲ, ಸೀದಾ ಬೆಟಗೇರಿ ಹಾದಿ ಹಿಡಿದ್ಳು.
ಓಡಿ ಹೋಗಿ ಮುಟ್ಟಿದೆ.
“ನಿನ್ನ ಎಂಬತ್ತು ಖರೆ ಐತಿ. ನೀರಾಗ ಹಾಕಿ ನೋಡೀನಿ.”

“ನನಗ ಗೊತ್ತಿತ್ತು” ಅಂದ್ಳು.
“ಎರಡು ಸಲ ಲೆಕ್ಕ ಮಾಡಿದ್ನಿ. ಎರಡೂ ಸಲ ಅದ ಬಂತು.
ಆದ್ರ ನೀವು ಇಬ್ಬರಿದ್ರಿ.”

ಟಂಟಂ ಬಂದು ನಿಂತಿತು. ಆಕಿ ಒಂದು ಕಾಲು ಒಳಗಿಟ್ಟಿದ್ಳು.
“ಇಬ್ಬರಲ್ಲ, ಒಬ್ಬನ” ಅಂದೆ.
ಎಂಜಿನ್ನಿನ ಸಪ್ಪಳದಾಗ ಕಿವಿಗೆ ಕೈ ಹಚ್ಚಿ
“ಏನು?” ಅಂದ್ಳು.

ಅದನ್ನ ಎರಡನೇ ಸಲ ಹೇಳೂದಕ್ಕ
ಇನ್ನೂ ಜೋರು ದನಿ ಬೇಕಿತ್ತು.